ಟೇಕ್ ಒಂದು, ಅದೇ ಇರಲಿ

ಕೋರ್ಟಿನ ಹತ್ತಿರ, ಬಾಲರಾಜ ಅರಸು ರಸ್ತೆಯಲ್ಲಿ
ನನ್ನದೊಂದು ಜೆರಾಕ್ಸ್ ಅಂಗಡಿ.
ನನ್ನ ಡಿಕ್ರಿಯ ನಕಲು ನಾನೇ ತೆಗೆದೆ.
ಹನ್ನೆರಡು ಪುಟ, ಮೂರು ಪ್ರತಿ.
ಪರ್ಸಿನಿಂದ ನೂರು ರೂಪಾಯಿ ಗಲ್ಲಾಕ್ಕೆ ಹಾಕಿ
ಇಪ್ಪತ್ತೆಂಟು ಚಿಲ್ಲರೆ
ನನಗೇ ವಾಪಸ್ ಕೊಟ್ಟುಕೊಂಡೆ.
ಮೆಷಿನ್ನಿನ ಹಸಿರು ಬೆಳಕು ಏಳು ವರ್ಷದ ಮೇಲೆ
ಮೂವತ್ತಾರು ಸಲ ಹಾದುಹೋಯಿತು.
ಎಲ್ಲೂ ತಡವರಿಸಲಿಲ್ಲ.

ಅವನು ಹೊಡೆಯುತ್ತಿರಲಿಲ್ಲ.
ಎಲ್ಲರೂ ಮೊದಲು ಕೇಳಿದ್ದು ಅದನ್ನೇ.
ಹೊಡೀತಿದ್ನಾ? ಇಲ್ಲ.
ಕುಡೀತಿದ್ನಾ? ಇಲ್ಲ.
ಮತ್ತೇನು?
ಆ ‘ಮತ್ತೇನು’ ನಮ್ಮ ನಾಲ್ಕನೇ ಹಾಡು.
ಒಂದೇ ಪದ, ಆರೂವರೆ ನಿಮಿಷ.

ಸಾಗರ ರಸ್ತೆ, ಆಟೋ ಕಾಂಪ್ಲೆಕ್ಸು,
ಅನ್ಸರನ ವೆಲ್ಡಿಂಗ್ ಶೆಡ್ಡು.
ರಾತ್ರಿ ಹತ್ತಕ್ಕೆ ಗ್ರೈಂಡರುಗಳು ಬಾಯಿ ಮುಚ್ಚಿದ ಮೇಲೆ
ನಮ್ಮ ಬಾಯಿ ಶುರು.
ಶಟರಿನ ತಗಡು ನಡುಗದಿರಲೆಂದು
ಮದುವೆಗೆ ಕೊಟ್ಟ ಬೂರಗದ ಹಾಸಿಗೆಯನ್ನು
ನಿಲ್ಲಿಸಿ ಒರಗಿಸಿದೆವು.
ಏಳು ವರ್ಷ ನನ್ನ ಮಾತು ಕುಡಿದು ತೆಪ್ಪಗಿದ್ದದ್ದು
ಈಗಲೂ ಅದೇ ಕೆಲಸ ಮಾಡಿತು, ಪಾಪ,
ಈ ಸಲ ನಾವು ಹೇಳಿದ್ದಕ್ಕೆ.

ಮೈಕು ಶಾಮಿಯಾನದ ಜಯಪ್ಪಣ್ಣನದು.
ನಾಮಕರಣ, ತಿಥಿ, ವಾರ್ಡು ಚುನಾವಣೆ
ಎಲ್ಲದರ ಎಂಜಲೂ ಅದರ ಜಾಲರಿಯಲ್ಲಿ.
ಅನ್ಸರನ ಸಿಂಬಲ್ ಸೀಳಿತ್ತು, ಅವನೇ ಬೆಸೆದ.
ಬಡಿದರೆ ಝಲ್ ಅನ್ನದು,
ಸ್ಟೀಲ್ ತಟ್ಟೆ ಗೋಡೆಗೆಸೆದ ಹಾಗೆ ಕೂಗುತ್ತದೆ.
‘ಹೊಸದು ತರೋಣ್ವಾ ಅಕ್ಕ?’
ಆ ಶಬ್ದ ನನಗೆ ಗೊತ್ತು ಅನ್ಸರ್,
ಅದೇ ಇರಲಿ.

ಲಿಡ್ವಿನ್ ಬೇಸ್ ನುಡಿಸುತ್ತಾನೆ.
ನಾಲ್ಕು ಗಂಟೆಗೆ ಅಪ್ಪನ ಬೇಕರಿಯ ಒಲೆ ಹೊತ್ತಿಸಬೇಕು,
ಆದ್ದರಿಂದ ನಮ್ಮ ಹಾಡುಗಳೆಲ್ಲ ಮೂರೂಮುಕ್ಕಾಲರ ಒಳಗೆ.
ಎರಡನೇ ಹಾಡಿನ ಕೊನೆಯಲ್ಲಿ ಲಯ ಓಡುವುದು
ಆವೇಶಕ್ಕಲ್ಲ,
ಹಿಟ್ಟು ಹುಳಿ ಬಂದೀತೆಂಬ ಹೆದರಿಕೆಗೆ.

ನನ್ನ ಗಿಟಾರಿನ ಸಣ್ಣ ತಂತಿ
ಆಷಾಢದಲ್ಲಿ ಕಿತ್ತದ್ದು, ಇನ್ನೂ ಹಾಕಿಲ್ಲ.
ಐದರಲ್ಲೇ ಕೈ ರೂಢಿಯಾಯಿತು.
ಆರನೆಯದು ಇದ್ದ ಜಾಗಕ್ಕೆ
ಕಿರುಬೆರಳು ಈಗಲೂ ಹೋಗಿ ಬರುತ್ತದೆ,
ರಾತ್ರಿ ನಿದ್ದೆಗಣ್ಣಲ್ಲಿ ಕೈ
ಮಂಚದ ಆ ಬದಿಗೆ ಹೋದ ಹಾಗೆ.

ಹುಡುಗಿಯಾಗಿದ್ದಾಗ ದುರ್ಗಿಗುಡಿಯಲ್ಲಿ
ಪದ್ಮಾಸಿನಿ ಟೀಚರ್ ಹತ್ತಿರ ಜೂನಿಯರ್ ಪಾಸು.
‘ಶ್ರುತಿ ತಾಯಿ ಕಣೇ’ ಅನ್ನುತ್ತಿದ್ದರು.
ಟೀಚರ್, ಐದನೇ ಹಾಡಿನಲ್ಲಿ
‘ಬಾಗಿಲು’ ಅನ್ನುವಲ್ಲಿ ಗಂಟಲು ಒಡೆಯಿತು.
ಬಾ ಒಂದು ಕಡೆ, ಗಿಲು ಒಂದು ಕಡೆ.
ತಾಯಿ ಕೈಬಿಟ್ಟಳು.
ಹೆಡ್‌ಫೋನ್ ತೆಗೆದು ಲಿಡ್ವಿನ್ ನೆಲ ನೋಡಿದ.
ಮತ್ತೆ ಹಾಡಿದೆ, ಸರಿಯಾಗಿ, ನಾಲ್ಕು ಸಲ.
ನಾಲ್ಕೂ ಸುಳ್ಳು.

ತಾಳಗುಪ್ಪದ ರೈಲು ಏಳನೆಯದರಲ್ಲಿ ಕೂಗಿದೆ,
ಯಾರೂ ಕರೆದಿರಲಿಲ್ಲ.
ಪಕ್ಕದ ಶೆಡ್ಡಿನ ವಾಚ್‌ಮನ್ನಿನ ಕೆಮ್ಮೂ ಇದೆ.
‘ನನ್ ಹೆಸ್ರೂ ಹಾಕಿ’ ಎಂದ. ಹಾಕಿದ್ದೇವೆ:
ಕೆಮ್ಮು, ರಂಗೋಜಿ.

ಮುಖಪುಟಕ್ಕೆ ಅಂಗಡಿ ಮುಚ್ಚಿ
ಮೆಷಿನ್ನಿನ ಗಾಜಿಗೆ ಕೆನ್ನೆಯಿಟ್ಟೆ.
ಗಾಜು ಬೆಚ್ಚಗಿತ್ತು,
ದಿನವಿಡೀ ಊರಿನ ವ್ಯಾಜ್ಯ ಹಾದು.
ಕಣ್ಣು ಮುಚ್ಚಬೇಕಿತ್ತು, ಮುಚ್ಚಲಿಲ್ಲ.
ಹೊರಬಂದ ಹಾಳೆಯಲ್ಲಿ
ಮೂಗು ಚಪ್ಪಟೆ, ಹಣೆ ಮಸಿ,
ಒಂದು ಕಣ್ಣು ಮಾತ್ರ ಒದ್ದೆ ಕಲ್ಲಿನ ಹಾಗೆ.
ಇಪ್ಪತ್ತು ವರ್ಷದ ಫೋಟೋಗಳಲ್ಲಿ
ಯಾವುದರಲ್ಲೂ ನಾನು ಇಷ್ಟು ಹೋಲಿಲ್ಲ.

ಸೋಮವಾರ ಲಾಯರ್ ಗುಮಾಸ್ತ ಬಂದ,
ವಕಾಲತ್ತು ಎರಡು ಪ್ರತಿ.
ಸ್ಪೀಕರಿನಲ್ಲಿ ಮೂರನೇ ಹಾಡು ಓಡುತ್ತಿತ್ತು.
‘ಏನಮ್ಮ ಇದು, ಏನೋ ರಿಪೇರಿನಾ?’
ಹೌದು ಅಂದೆ.
‘ಎಷ್ಟು ದಿನ ಆಗುತ್ತೆ?’
ನಾಲ್ಕು ರೂಪಾಯಿ ಅಂದೆ.

ಆರನೇ ಹಾಡನ್ನು ಮಾತ್ರ
ನಾನಿನ್ನೂ ಕೇಳಿಲ್ಲ.
ಚೆನ್ನಾಗಿದೆ ಅನ್ನುತ್ತಾನೆ ಅನ್ಸರ್,
ಮುಖ ಆಚೆ ತಿರುಗಿಸಿ.