ಪ್ರಶ್ನೆ ಹದಿನಾಲ್ಕು

ಭಾಷಾನಗರದ ಮಂಡಕ್ಕಿ ಭಟ್ಟಿಗಳಲ್ಲಿ
ಬೆಳಗಿನ ಆರಕ್ಕೇ ಹೊಗೆ ಎದ್ದಿತ್ತು.
ನನ್ನ ಪಟ್ಟಿಯಲ್ಲಿ ಆಕೆ ಇನ್ನೂರ ಏಳನೆಯವಳು:
ಮುಬೀನಾ. ಐಟಿಐ, ವೈರ್‌ಮನ್, ಎರಡು ವರ್ಷ, ಪಾಸು.

‘ಈಗ ಉದ್ಯೋಗ?’
‘ಇಲ್ರೀ. ಅಪ್ಪನ ಭಟ್ಟಿ, ಕೈಗೂಡಿಸ್ತೀನಿ ಅಷ್ಟೆ.’
‘ಕೂಲಿ?’
ನಕ್ಕಳು. ಕಾದ ಮರಳಲ್ಲಿ ಅಕ್ಕಿ ಅರಳುವ ಸದ್ದು
ಸ್ವಲ್ಪ ಹೊತ್ತು ಅವಳ ಪರವಾಗಿ ಮಾತಾಡಿತು.
ಸೊನ್ನೆ ಒತ್ತಿದೆ.

ಮುಂದಿನದಕ್ಕೆ ಬೆರಳಿಡುವಷ್ಟರಲ್ಲಿ ಟ್ಯಾಬ್ ಕಪ್ಪಾಯಿತು.
ಚಾರ್ಜರ್ ಚುಚ್ಚಿದರೆ ಗೋಡೆಯ ಸಾಕೆಟ್ಟೂ ಸತ್ತಿದೆ.
ಆಕೆ ಮೇನ್ ಇಳಿಸಿ,
ದುಪಟ್ಟಾದ ಗಂಟಿನಿಂದ ಟೆಸ್ಟರ್ ತೆಗೆದು,
ಸುಟ್ಟ ತುದಿ ಕತ್ತರಿಸಿ, ಹಲ್ಲಲ್ಲೇ ವೈರಿನ ಸಿಪ್ಪೆ ಸುಲಿಯುತ್ತಾ
‘ಈ ಸಾಲಿನ ಬ್ಲೋವರ್ ಎಲ್ಲಾ ನಾನೇ ನೋಡ್ಕಳದು.
ದುಡ್ಡು ಹೆಂಗ್ ಕೇಳಾದ್ರೀ, ಎಲ್ಲಾ ನಮ್ಮೋರೇ.’

ಟ್ಯಾಬ್ ಎದ್ದಿತು.
ಹದಿನಾಲ್ಕು, ‘ಕಲಿತದ್ದು ಕೆಲಸಕ್ಕೆ ಬಂತೆ?’
ಎಷ್ಟು ಹುಡುಕಿದರೂ ಇಲ್ಲ.
ಉದ್ಯೋಗ ಇಲ್ಲವೆಂದವರನ್ನು ಅದು ತಾನಾಗಿ
ಇಪ್ಪತ್ತಕ್ಕೆ ಹಾರಿಸುತ್ತದೆ.
ನಿಯಮ ನನ್ನದೇ. ಹೋದ ಮಾರ್ಚಿನಲ್ಲಿ,
ಫ್ಯಾನಿನ ಕೆಳಗೆ ಕೂತು ಬರೆದದ್ದು.

ಇಪ್ಪತ್ತು ಕೇಳಿದೆ: ‘ಮನೆಯಲ್ಲಿ ಎಷ್ಟು ಜನ?’
ಸಂಜೆ ಪಿ.ಬಿ. ರಸ್ತೆಯ ಬಸ್ಸಿನಲ್ಲಿ
ಬ್ಯಾಟರಿ ಇನ್ನೂ ಎಂಬತ್ತೆರಡು ತೋರಿಸುತ್ತಿತ್ತು.