ಒಣ ಸಲಿಕೆ

ಫೋನು ಬಂದಾಗ ಐದೂಕಾಲು, ಇನ್ನೂ ಕತ್ತಲೆ.
ಮಲ್ಪೆ ಬಂದರು, ಐಸ್ ಪ್ಲಾಂಟಿನ ತಿರುವು,
ಟೆಂಪೊ ಮಗುಚಿದೆ, ಬಿಳಿ ಹುಡಿ ಚೆಲ್ಲಿದೆ.
ಹುಡಿ ಎಂದರೆ ಯಾವ ಹುಡಿ ಮಾರಾಯ್ರೆ ಎಂದೆ.
ಮೀನಿನ ಶೆಡ್ಡು ತೊಳೀಲಿಕ್ಕೆ ಹಾಕ್ತಾರಲ್ಲ, ಅದು,
ಎಂದವನು ಕೆಮ್ಮಿ ಕೆಮ್ಮಿ ಫೋನಿಟ್ಟ.

ಇಪ್ಪತ್ತಾರು ವರ್ಷದಿಂದ ನನ್ನದು ನೀರಿನ ಕೆಲಸ.
ಗುಡ್ಡೆಯ ಮುಳಿಹುಲ್ಲು, ಗೇರುಬೀಜದ ಕಾರ್ಖಾನೆ,
ಒಮ್ಮೆ ಉರಿಯುವ ಬೋಟು, ಕಡಲ ನಡುವೆಯೇ.
ಗಾಡಿ ನಿಲ್ಲುವ ಮೊದಲೇ ಕೈ ಪೈಪಿಗೆ ಹೋಗುತ್ತದೆ,
ಅಡುಗೆಯವಳ ಕೈ ಉಪ್ಪಿನ ಮರಿಗೆಗೆ ಹೋದ ಹಾಗೆ.
ಆ ಕೈಯ ಮೇಲೆ ವಲೇರಿಯನ್ ಸಾರ್ ತಮ್ಮ ಕೈಯಿಟ್ಟರು.
ನೀರು ಬೇಡ.

ಡ್ರಮ್ಮಿನ ಮೈಮೇಲೆ ಹಳದಿ ಚೌಕ,
ಅದರೊಳಗೆ ಉಂಗುರ, ಉಂಗುರದ ನೆತ್ತಿಗೆ ಬೆಂಕಿ.
ಇದು ತಾನು ಉರಿಯುವುದಿಲ್ಲ, ಎಂದರು ಸಾರ್,
ಉರಿಯುವವರಿಗೆ ಉಸಿರು ಕೊಡುತ್ತದೆ.
ಅಂಥವರು ಇಬ್ಬರು ನನಗೆ ಊರಿನಲ್ಲೇ ಗೊತ್ತು.
ಹೇಳಲಿಲ್ಲ.

ಐಸ್ ಪ್ಲಾಂಟಿನವ ಪಾಪ, ಒಳ್ಳೆಯ ಮನಸ್ಸಿನಿಂದ
ಮರದ ಹೊಟ್ಟಿನ ಗೋಣಿ ಹೊತ್ತು ಓಡಿ ಬಂದ.
ಡೀಸೆಲ್ ಚೆಲ್ಲಿದರೂ ಹೊಟ್ಟು, ರಕ್ತ ಚೆಲ್ಲಿದರೂ ಹೊಟ್ಟು,
ಅವನಿಗೆ ಗೊತ್ತಿದ್ದ ಮದ್ದು ಅದೊಂದೇ.
ಅಲ್ಲೇ ನಿಲ್ಲು! ಹೊಟ್ಟು ತಾಗಿದರೆ ಹೊತ್ತಿಕೊಳ್ತದೆ!
ಕೂಗಿದ ಕೂಗಿಗೆ ಗೋಣಿಯನ್ನು ಕೂಸಿನ ಹಾಗೆ ಅವುಚಿ ನಿಂತ,
ಬೆಳಗಾಗುವವರೆಗೂ ಕೆಳಗಿಡಲಿಲ್ಲ.

ಪ್ಲಾಂಟಿನ ಬಾಗಿಲಡಿಯಿಂದ ಮಂಜು ಕರಗಿದ ನೀರು
ಬೆರಳಷ್ಟು ದಪ್ಪ, ದಾರಿ ಕೇಳುತ್ತಾ ಬರುತ್ತಿತ್ತು.
ರಾಶಿಗೂ ಅದಕ್ಕೂ ಎಂಟು ಅಡಿ.
ಬಕೆಟಿನ ಒಣ ಮರಳಿನಲ್ಲಿ ಒಡ್ಡು ಕಟ್ಟಿದೆವು
ಮಕ್ಕಳು ಕಡಲ ಬದಿಯಲ್ಲಿ ಕಟ್ಟುವಷ್ಟೇ ಎತ್ತರ.

ಹಗ್ಗದ ಆಚೆ ಬುಟ್ಟಿ ಕವುಚಿ ಕೂತಿದ್ದಳು ಅಪ್ಪಿಯಕ್ಕ,
ಏಲಂ ನಿಂತ ಸಿಟ್ಟು ಮುಖದ ತುಂಬ.
ಈಗ ಮೂಡಾಯಿ ಗಾಳಿ, ನಿಮ್ಮ ವಿಷ ಕಡಲಿಗೆ ಹೋಗ್ತದೆ,
ಒಂಬತ್ತೂವರೆಗೆ ಪಡ್ಡಾಯಿ ತಿರುಗ್ತದೆ. ಮತ್ತೆ ಶಾಲೆಗೆ.
ಸಾರಿನ ಮೊಬೈಲು ಹನ್ನೊಂದು ಎನ್ನುತ್ತಿತ್ತು.
ಅವರು ಮೊಬೈಲು ನೋಡಿದರು, ಅವಳನ್ನು ನೋಡಿದರು,
ಒಂಬತ್ತೂವರೆ ಅಂತ ಬರಕೊಳ್ಳಿ, ಎಂದರು.

ಆಮೇಲೆ ಸಲಿಕೆ. ಪ್ಲಾಸ್ಟಿಕ್ಕಿನದು, ಹೊಸತು, ಒಣ.
ಮುಖವಾಡದೊಳಗೆ ನನ್ನ ಉಸಿರೇ ನನಗೆ ಗರಗಸ.
ಧೂಳೇಳದ ಹಾಗೆ, ಸೇರಿನಲ್ಲಿ ಅಕ್ಕಿ ಅಳೆಯುವ ಹಾಗೆ,
ಹಳೆಯ ಡ್ರಮ್ಮಿಗಲ್ಲ, ಬೇರೆ ಡ್ರಮ್ಮಿಗೆ,
ಮುಚ್ಚಳ ಬಿಗಿಯದೆ, ಸುಮ್ಮನೆ ಮೇಲಿಟ್ಟು.
ಬೆವರು ಮೂಗಿನ ತುದಿಗೆ ಬಂದು ನಿಲ್ಲುತ್ತಿತ್ತು;
ಅದೂ ನೀರೇ ಅಲ್ಲವಾ ಎಂದು ಹೆದರಿಕೆ.
ಹಿಂದೆ ಕುಶಾಲಪ್ಪ ತುಂಬಿದ ಪೈಪು ಹಿಡಿದು ಕಾದೇ ಇದ್ದ,
ಬೆಂಕಿ ಎದ್ದರೆ ಒಮ್ಮೆಲೇ ಸುರಿಯಲು, ಚಿಮುಕಿಸಲು ಅಲ್ಲ.
ಸಿಲಿಂಡರು ಮೂರು ಸಲ ಬದಲಾಯಿತು.

ಮೊದಲು ಆದದ್ದನ್ನು ಕೊನೆಗೆ ಹೇಳುತ್ತಿದ್ದೇನೆ.
ಟೆಂಪೊದ ಬದಿಯಲ್ಲಿ ಗಂಜಾಂ ಕಡೆಯ ಹುಡುಗ,
ಬಿಕ್ರಮ, ಬೋಟಿನಲ್ಲಿ ಬಲೆ ಎಳೆಯುವವನು,
ಚಾಲಕನನ್ನು ಎಳೆದು ಹಾಕಲು ಹೋಗಿ
ಎರಡೂ ಕಣ್ಣಿಗೆ ಹುಡಿ ತುಂಬಿಕೊಂಡಿದ್ದ.
ಅವನ ಅಂಗಿ ಕತ್ತರಿಸಿದೆ, ಒಣ ಬಟ್ಟೆಯಲ್ಲಿ ಮೈ ಕೊಡವಿದೆ.
ಆಮೇಲೆ ನೀರು. ಮೂಗಿನ ಕಡೆಯಿಂದ ಕಿವಿಯ ಕಡೆಗೆ,
ತೆಳ್ಳಗೆ, ಕಣ್ಣಿನ ರೆಪ್ಪೆ ನನ್ನ ಎರಡು ಬೆರಳಲ್ಲಿ,
ಇಪ್ಪತ್ತು ನಿಮಿಷ.
ಅವನ ಮಾತು ನನಗೆ ತಿಳಿಯದು, ನನ್ನದು ಅವನಿಗೆ.
ಮಾ ಎಂದಾಗ ಮಾತ್ರ ತಿಳಿಯಿತು.
ಕೊನೆಗೊಮ್ಮೆ ನನ್ನ ಎದೆಯ ಗುಂಡಿ ಎಣಿಸಿದ,
ಹಿಂದಿಯಲ್ಲಿ, ಐದು ಎಂದ. ಆರಿತ್ತು.
ಆಂಬುಲೆನ್ಸು ಮಣಿಪಾಲಕ್ಕೆ ಹೋಯಿತು.

ಒಂಬತ್ತು ಇಪ್ಪತ್ತೆಂಟಕ್ಕೆ ಹಗ್ಗದ ಕೆಂಪು ಪಟ್ಟಿ
ಮಗ್ಗುಲು ಬದಲಿಸಿತು. ರಾಶಿ ಇರಲಿಲ್ಲ.
ಅಪ್ಪಿಯಕ್ಕ ತಲೆ ಎತ್ತಿಯೂ ನೋಡಲಿಲ್ಲ,
ಬಂಗುಡೆಗೆ ಐಸು ಹಾಕುತ್ತಿದ್ದಳು.

ಠಾಣೆಯಲ್ಲಿ ರಿಜಿಸ್ಟರು ಬಿಡಿಸಿದೆ.
ಬಳಸಿದ ನೀರು ಎಂಬ ಕಾಲಮ್ಮಿನಲ್ಲಿ
ಮೂರು ಕೊಡ ಎಂದು ಬರೆದೆ.
ಕೊಡ ಅಂದರೆ ಎಷ್ಟು ಲೀಟರು, ಎಂದರು ಸಾರ್.
ಅಪ್ಪಿಯಕ್ಕನ ಕೊಡ, ಎಂದೆ.