ಉಪ್ಪು ತಿಂದದ್ದು

ಹುಬ್ಬಳ್ಳಿಯ ಅಂಗಡಿಯಿಂದ ಅದು ಬಂತು,
ರೇವಣಕರ ಮಾಸ್ತರರ ಕಾರಿನ ಡಿಕ್ಕಿಯಲ್ಲಿ,
ಅವರ ಹೆಂಡತಿಗೆ ಕೊಂಡ ಮಿಕ್ಸರಿನ ಪಕ್ಕ.
ಎರಡೂ ಡಬ್ಬಿ ಒಂದೇ ಅಳತೆ.
ನಾನು ಮೊದಲು ಮಿಕ್ಸರು ಬಿಚ್ಚಿದೆ.

"ಇದ್ದುದರಲ್ಲಿ ಕಡಿಮೆ ಬೆಲೆಯದು, ಬೊಮ್ಮಯ್ಯ,"
ಅಂದರು, ತಪ್ಪೊಪ್ಪಿಕೊಂಡವರ ಹಾಗೆ.
"ಪಟಾಲಮ್ಮಿನಲ್ಲಿ ಇದ್ದವ ನೀನು, ನೋಡಿ ಹೇಳು."

ಹದಿನೇಳು ವರ್ಷ ಹೆಗಲಲ್ಲಿ ಹೊತ್ತವನಿಗೆ
ಬಾಯಿಗಿಂತ ಮೊದಲು ಕೈ ಮಾತಾಡುತ್ತದೆ.
ಕೈ ಹೇಳಿತು: ಹಗುರ.
ಇಷ್ಟು ಹಗುರ ಯಾಕೆ?

ನೋಡಲು ಬಂದೂಕೇ. ಹಿಂಬದಿ ಹೆಗಲಿಗೆ ಕೂರುತ್ತದೆ,
ಮೂತಿ ಮೊಳದುದ್ದ.
ತಿನ್ನುವುದು ಮಾತ್ರ ಪಿಸ್ತೂಲಿನ ಗುಂಡು, ಮೂವತ್ತೆರಡರದ್ದು,
ಖರ್ಜೂರದ ಬೀಜದಷ್ಟು.
ಅಣ್ಣನ ಕೋಟು ತೊಟ್ಟು ಮದುವೆಗೆ ಬಂದ ತಮ್ಮ.

ಹಿಡಿ ಪ್ಲಾಸ್ಟಿಕ್ಕು. ಎರಡು ಅಚ್ಚು ಕೂಡಿದಲ್ಲಿ
ಒಂದು ಏಣು ಉಳಿದಿದೆ, ಅಂಗೈ ಕೊರೆಯುತ್ತದೆ.
ಪಟ್ಟಿಯ ಕೊಂಡಿ ಹಾಲುಹಲ್ಲಿನಂತೆ ಅಲುಗುತ್ತದೆ.
ಕುದುರೆ ಎಳೆದರೆ ಮೊದಲು ಏನೂ ಇಲ್ಲ, ಏನೂ ಇಲ್ಲ,
ಮರಳಿನ ಮೇಲೆ ದೋಣಿ ಎಳೆದಂತೆ ಕರಕರ,
ಇನ್ನು ಬಿಟ್ಟೇ ಬಿಡೋಣ ಅನ್ನುವ ಹೊತ್ತಿಗೆ
ಟಕ್.

ಕಾರವಾರಕ್ಕೆ ಹೋಗಿ, ಪರವಾನಿಗೆ ತೋರಿಸಿ,
ಪೊಲೀಸರ ಗುಡ್ಡದೆದುರು ಹತ್ತು ಗುಂಡು ಹೊಡೆದೆ.
ನಾಲ್ಕನೆಯದು ಸಿಕ್ಕಿಕೊಂಡಿತು, ಏಳನೆಯದೂ.
ಉಳಿದ ಎಂಟು ಒಂದು ಊಟದ ತಟ್ಟೆಯೊಳಗೆ.
ಗುರಿಕಣ್ಣು ಸುಳ್ಳು ಹೇಳುವುದಿಲ್ಲ,
ಇದನ್ನೂ ಹೇಳಬೇಕು, ನ್ಯಾಯ.

ಸದ್ದು, ಗಾಳಿಗೆ ಬಾಗಿಲು ಬಡಿದಷ್ಟು.
ಹೆಗಲಿಗೆ ಒದೆತವೇ ಇಲ್ಲ,
ಮೊಮ್ಮಗಳು ಭುಜ ತಟ್ಟಿ ಅಜ್ಜಾ ಅಂದಷ್ಟೇ.
ಪಕ್ಕದ ಪೋಲೀಸು ಹುಡುಗ ಅದನ್ನೇ ಹೊಗಳಿದ.
ನನಗೆ ಅದೇ ಹಿಡಿಸಲಿಲ್ಲ.
ಹಳೆಯದು ಹೊಡೆದಾಗ
ಎರಡು ದಿನ ಹೆಗಲು ನೀಲಿ.
ಏನು ಮಾಡಿದೆ ಅಂತ ಅದು ನಿನಗೂ ಒಂದಿಷ್ಟು ಕೊಡುತ್ತಿತ್ತು.
ಇದು ಕೊಡುವುದೆಲ್ಲ ಆಚೆಗೇ.

ಶನಿವಾರ ಬಟವಾಡೆ.
ಆಗರದ ಬದುವಿನಲ್ಲಿ ಬುಟ್ಟಿ ಇಳಿಸಿ
ಹೆಂಗಸರು ಸಾಲು ನಿಂತರು, ಮೊಣಕಾಲ ತನಕ ಬಿಳಿ.
ನಾನು ಪೆಟ್ಟಿಗೆಯ ಪಕ್ಕ, ಹೊಸದರ ಜೊತೆ.
ತಿಮ್ಮಣಿ ಕೇಳಿದಳು: "ಇದೆಂತದು, ಹಕ್ಕಿ ಓಡ್ಸೂಕಾ?"
"ದುಡ್ಡು ಕಾಯೂಕೆ."
"ಯಾರಿಂದ?"

ಎದುರಿಗಿದ್ದವರು ಅವರೇ. ಬೇರೆ ಯಾರೂ ಇರಲಿಲ್ಲ.
ದೂರದಲ್ಲಿ ಒಂದು ಬೆಳ್ಳಕ್ಕಿ.
ಮೂತಿಯನ್ನು ಇನ್ನಷ್ಟು ನೆಲಕ್ಕೆ ತಿರುಗಿಸಿದೆ.

"ಎಷ್ಟಾಯ್ತು?"
ಹೇಳಿದೆ.
ಬೆರಳು ಮಡಿಚಿ ಲೆಕ್ಕ ಹಾಕತೊಡಗಿದಳು, ರೂಪಾಯಿಯಲ್ಲಲ್ಲ,
ತಲೆಮೇಲೆ ಹೊತ್ತ ಬುಟ್ಟಿಗಳಲ್ಲಿ.
ತನ್ನ ಎರಡು ಕೈ ಮುಗಿದವು.
ಹಿಂದಿದ್ದವಳ ಕೈ ಎಳೆದು ಹಿಡಿದು ಮುಂದುವರಿಸಿದಳು,
ಅದರ ಹಿಂದಿದ್ದವಳ ಕೈಯನ್ನೂ.
"ಅಗ್ಗದ್ದು ಅಂದ್ರಲ್ಲ?" ಅಂದಳು ಕೊನೆಗೆ,
ಹೆಬ್ಬೆಟ್ಟಿನ ಶಾಯಿ ಸೆರಗಿಗೆ ಒರೆಸುತ್ತ.

ಎಂಟನೇ ದಿನ ಬೋಲ್ಟಿನ ಮೇಲೆ
ಕುಂಕುಮದಂಥ ಒಂದು ಚುಕ್ಕೆ. ಮರುದಿನ ಮೂರು.
ಅಘನಾಶಿನಿಯ ಗಾಳಿ ಬೆಲೆ ಕೇಳಿ ಕಚ್ಚುವುದಿಲ್ಲ,
ದುಬಾರಿಯದನ್ನೂ ತಿಂದೀತು, ಇದನ್ನು ಬೇಗ.
ಉಪ್ಪು ತಿಂದವ ನೀರು ಕುಡಿಯಲೇಬೇಕು ಅನ್ನುತ್ತಾರೆ.
ಇದು ಎಣ್ಣೆ ಕುಡಿಯುತ್ತದೆ.
ಕೊಬ್ಬರಿ ಎಣ್ಣೆ ಕೂಡದು, ಅಂಟು ಕಟ್ಟುತ್ತದೆ.
ಸೊಸೆಯ ಹೊಲಿಗೆ ಮಿಷನ್ನಿನಿಂದ ಕದ್ದು ತರುತ್ತೇನೆ.

ರಾತ್ರಿ ಕಚೇರಿಯ ಬೆಂಚಿನ ಮೇಲೆ ಹಳೇ ಪಂಚೆ ಹಾಸಿ
ಬಿಡಿಬಿಡಿಯಾಗಿ ಇಡುತ್ತೇನೆ, ಸ್ಪ್ರಿಂಗು, ಪಿನ್ನು, ನಳಿಗೆ.
ಏಣನ್ನು ಪಾಲಿಶ್ ಕಾಗದದಲ್ಲಿ ಉಜ್ಜುತ್ತೇನೆ.
ಹೊರಗೆ ಭರತದ ನೀರು ತೂಬಿನಲ್ಲಿ ನುಗ್ಗುವ ಸದ್ದು.
ಹೀಗೆ ಬಿಡಿಸಿಟ್ಟಾಗ ಅದು ಯಾರನ್ನೂ ಕಾಯುವುದಿಲ್ಲ,
ನನಗೂ ಆಗ ಅದರ ಮೇಲೆ ಸ್ವಲ್ಪ ಪ್ರೀತಿ.

ಮಾಸ್ತರರು ಮತ್ತೆ ಕೇಳಿದ್ದಾರೆ, ಹೇಗಿದೆ ಅಂತ.
ವಹಿಯ ಷರಾದಲ್ಲಿ ಬರೆಯುತ್ತಿದ್ದೇನೆ:
ಗುರಿ ಸರಿ. ಹತ್ತರಲ್ಲಿ ಎರಡು ಸಿಕ್ಕುತ್ತದೆ.
ಯಾರಿಂದ ಅನ್ನುವುದಕ್ಕೆ ಒಂದು ಸಾಲು ಖಾಲಿ ಬಿಟ್ಟಿದ್ದೇನೆ.
ಮಳೆಗಾಲಕ್ಕೆ ಮುಂಚೆ ಬೇಕು:
ಮಿಷನ್ ಎಣ್ಣೆ, ಸಣ್ಣ ಬಾಟಲಿ, ಒಂದು.